ಗಾಲಿಯ ಕೆಳಗಿನ ಕಲ್ಲು

ಜೀಪಿನ ಗಾಲಿಯ ಕೆಳಗಿದ್ದ ಕಲ್ಲನ್ನು ತೆಗೆದವನು ನಾನು. ಅದನ್ನು ಅಂದೇ ಹೇಳಬೇಕಾಗಿತ್ತು, ಹೇಳಲಿಲ್ಲ. ನನ್ನ ಅಕ್ಕ ಅಂಗಳದಲ್ಲಿ ನಿಂತು ಬೈಸಿಕೊಂಡಳು, ನಾನು ಪಡಸಾಲೆಯ ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ. ಆಗ ನಾನು ನಾಲ್ಕನೆಯ ಇಯತ್ತೆಯ ಹುಡುಗ. ಈಗ ಮೀಸೆ ಬೆಳ್ಳಗಾಗಿದೆ. ಅಂದು ಸುಮ್ಮನಿದ್ದದ್ದು ಹುಡುಗನ ಹೆದರಿಕೆ ಎನ್ನಬಹುದು. ಆಮೇಲೆ ಇಷ್ಟು ವರ್ಷ ಸುಮ್ಮನಿದ್ದದ್ದಕ್ಕೆ ಹಾಗೆ ಹೇಳಲು ಬರುವುದಿಲ್ಲ.

ನಾನು ಏಳನೆಯ ಇಯತ್ತೆಗೇ ಸಾಲೆ ಬಿಟ್ಟವನು. ಗೋಕುಲ ರಸ್ತೆಯಲ್ಲಿ ಹಗ್ಗ, ತಾಡಪತ್ರಿ ಮಾರುವ ಅಂಗಡಿ ನನ್ನದು. ಬರೆಯುವುದೆಂದರೆ ಪಾಟಿಯ ಮೇಲೆ ದರ ಬರೆದಷ್ಟೇ ರೂಢಿ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ಊರು ಅಮ್ಮಿನಬಾವಿ. ಅಪ್ಪ ಹತ್ತಿ ವ್ಯಾಪಾರ ಮಾಡುತ್ತಿದ್ದ. ಅವನ ಹತ್ತಿರ ಒಂದು ಹಳೆಯ ಡೀಸೆಲ್ ಜೀಪು ಇತ್ತು. ಅದರ ಹ್ಯಾಂಡ್‌ಬ್ರೇಕು ನಾವು ನೋಡಿದಾಗಿನಿಂದಲೂ ಕೆಟ್ಟೇ ಇತ್ತು. ಬ್ಯಾಟರಿಯೂ ಅಷ್ಟಕ್ಕಷ್ಟೆ. ಹೀಗಾಗಿ ಅಪ್ಪ ಜೀಪನ್ನು ಯಾವಾಗಲೂ ಮನೆಯ ಮುಂದಿನ ಇಳಿಜಾರಿನಲ್ಲೇ ನಿಲ್ಲಿಸಿ, ಮುಂದಿನ ಗಾಲಿಗೆ ಒಂದು ಕರಿಕಲ್ಲು ಅಡ್ಡ ಕೊಡುತ್ತಿದ್ದ. ಬೆಳಿಗ್ಗೆ ಯಾರಾದರೂ ಕಲ್ಲು ತೆಗೆದರೆ ಜೀಪು ತಾನೇ ಇಳಿಯುತ್ತಿತ್ತು. ಸ್ವಲ್ಪ ವೇಗ ಬಂದಾಗ ಅಪ್ಪ ಗೇರಿಗೆ ಹಾಕಿದರೆ ಕೆಮ್ಮುತ್ತ ಚಾಲೂ ಆಗುತ್ತಿತ್ತು. ಬ್ರೇಕೂ ಆ ಕಲ್ಲೇ, ಕೀಲಿಕೈಯೂ ಆ ಕಲ್ಲೇ. ಗಾಲಿ ಒತ್ತಿ ಒತ್ತಿ ಅದರ ಒಂದು ಮೈ ಸಾಣೆ ಹಿಡಿದ ಹಾಗೆ ನುಣ್ಣಗಾಗಿತ್ತು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅಪ್ಪ ಅವಳಿಗೆ ಸುಗ್ಗಿ ಮುಗಿದ ಕಣದಲ್ಲಿ ಜೀಪು ನಡೆಸಲು ಕಲಿಸುತ್ತಿದ್ದ. ಊರಿನಲ್ಲಿ ಹೆಣ್ಣುಮಕ್ಕಳು ಯಾರೂ ಹಾಗೆ ಸ್ಟೇರಿಂಗ್ ಹಿಡಿದಿರಲಿಲ್ಲ. ಮಂದಿ ಏನೆಂದರೂ ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಳೆ ಧಾರವಾಡದ ಪೇಟೆಗೆ ನನ್ನನ್ನು ನನ್ನ ಮಗಳೇ ಕರೆದುಕೊಂಡು ಹೋಗುತ್ತಾಳೆ ಎನ್ನುತ್ತಿದ್ದ. ಅಕ್ಕ ಊಟಕ್ಕೆ ಕುಳಿತಾಗಲೂ ತಾಟಿನ ಕೆಳಗೆ ಕಾಲಿನಿಂದ ಕ್ಲಚ್ಚು ಒತ್ತುತ್ತಿದ್ದಳು.

ಆ ವರ್ಷ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಅವ್ವ ಮನೆಯ ಸಾಮಾನನ್ನೆಲ್ಲ ತೊಳೆಯಲು ಹಚ್ಚಿದ್ದಳು. ಕುಡಗೋಲು, ಕುರ್ಚಿಗಿ, ತಕ್ಕಡಿ, ಜೀಪಿನ ನಟ್ಟು ಬಿಚ್ಚುವ ಪಾನಾ, ಜಾಕು, ಎಲ್ಲವೂ ವಿಭೂತಿ ಹಚ್ಚಿಸಿಕೊಂಡು ದೇವರ ಮುಂದೆ ಕುಳಿತಿದ್ದವು. ಅಕ್ಕ ಜೀಪಿನಲ್ಲಿ ಕುಳಿತು ಸ್ಟೇರಿಂಗಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದಳು. ನನಗೆ ಒಂದು ವಿಚಾರ ಬಂತು. ಎಂದೋ ಒಮ್ಮೆ ಬೇಕಾಗುವ ಪಾನಾಕ್ಕೆ ಪೂಜೆ ಇದೆ; ದಿನಾಲೂ ಜೀಪನ್ನು ಹಿಡಿದು ನಿಲ್ಲಿಸುವ ಕಲ್ಲಿಗೆ ಯಾಕೆ ಇಲ್ಲ? ಜಾಕಿನ ಹಿಡಿಕೆಯಿಂದ ಮೀಟಿ ಕಲ್ಲು ತೆಗೆದೆ. ಜೀಪು ಅಲ್ಲಾಡಲಿಲ್ಲ. ಹಳೆಯ ಗಾಡಿ, ಒಂದು ಗಳಿಗೆ ವಿಚಾರ ಮಾಡುತ್ತಿತ್ತೇನೋ. ನಾನು ಕಲ್ಲನ್ನು ಅವುಚಿಕೊಂಡು, ದನಗಳು ನೀರು ಕುಡಿಯುವ ದೋಣಿಯ ಹತ್ತಿರ ತೊಳೆಯಲು ಹೋದೆ. ಅಷ್ಟರಲ್ಲಿ ಅಕ್ಕ ಆ ಕಡೆಯ ಮಾಲೆ ಕಟ್ಟಲು ಹೊರಳಿದಳು. ಜೀಪು ಹೊರಟಿತು.

ಯಾರಿಗೂ ಪೆಟ್ಟಾಗಲಿಲ್ಲ. ಎದುರುಮನೆಯವರ ದನದ ಕೊಟ್ಟಿಗೆಯ ಕಲ್ಲುಮಣ್ಣಿನ ಗೋಡೆ ಮಾತ್ರ ಪೂರ್ತಿ ಕುಸಿಯಿತು. ಮಂದಿ ಓಡಿ ಬರುವುದರೊಳಗೆ ನಾನು ಕೈಯಲ್ಲಿದ್ದ ಕಲ್ಲನ್ನು ದೋಣಿಯ ನೀರಿನಲ್ಲಿ ಬಿಟ್ಟೆ. ಕಲ್ಲು ಎಲ್ಲಿ ಎಂದು ಯಾರೂ ಹುಡುಕಲಿಲ್ಲ. ಕುಸಿದ ಗೋಡೆಯಿಂದ ಬಿದ್ದ ಕಲ್ಲುಗಳು ಬೇಕಾದಷ್ಟಿದ್ದವು. ಜೀಪು ಕಲ್ಲು ದಾಟಿ ಹೋಗಬೇಕಾದರೆ ಹುಡುಗಿ ಏನೋ ಒತ್ತಿ ಚಾಲೂ ಮಾಡಿರಬೇಕು ಎಂದು ದೊಡ್ಡವರೆಲ್ಲ ಲೆಕ್ಕ ಹಾಕಿದರು. ಅಪ್ಪ ಅಂಗಳದಲ್ಲಿ ಅಕ್ಕನನ್ನು ನಿಲ್ಲಿಸಿ ಬೈದ. "ಇನ್ನ ಮ್ಯಾಲ ಗಾಡಿ ಕಡೆ ಹಣಿಕಿ ಸೈತ ಹಾಕಬ್ಯಾಡ" ಎಂದ. ಅಲ್ಲಿಗೆ ಕಣದ ಪಾಠ ಮುಗಿಯಿತು.

ನಮ್ಮ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಅದೊಂದು ಮಾತು ಸಿಕ್ಕಿತು. ಮದುವೆಯಿರಲಿ, ಬಸುರಿಯ ಕುಬಸವಿರಲಿ, ಅಕ್ಕ ಬಾಗಿಲಲ್ಲಿ ಕಂಡರೆ ಸಾಕು, "ಗ್ವಾಡಿ ಕೆಡವಿದಾಕಿ ಬಂದ್ಲು, ದಾರಿ ಬಿಡ್ರೆಪಾ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ನಾನು ನಗುತ್ತಿದ್ದೆನೋ ಇಲ್ಲವೋ, ನೆನಪಿಲ್ಲ. ಅವಳ ಮುಖವನ್ನಂತೂ ನೋಡುತ್ತಿದ್ದೆ.

ಯಾಕೆಂದರೆ ಅವಳಿಗೆ ಗೊತ್ತಿದೆ ಎಂಬ ಸಂಶಯ ನನಗೆ ಆಗಲೇ ಹತ್ತಿತ್ತು. ಅಕ್ಕಿ ಆರಿಸುತ್ತ ಅವಳು "ಎಷ್ಟ ತಗದ್ರೂ ಒಂದ ಕಲ್ಲು ಉಳದ ಉಳೀತೈತಿ ನೋಡು" ಎಂದರೆ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ದೋಣಿ ತೊಳೆಯುವ ದಿನ ನಾನು ಊರಲ್ಲೇ ಇರುತ್ತಿರಲಿಲ್ಲ. ದೊಡ್ಡವರಾದ ಮೇಲೆ ಪ್ರತಿ ದಸರೆಗೆ ಬನ್ನಿ ಕೊಡಲು ಧಾರವಾಡದ ಅವಳ ಮನೆಗೆ ಹೋಗುತ್ತಿದ್ದೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಬನ್ನಿ ಕೊಟ್ಟು ಮಾತಾಡುತ್ತಾರೆ. ನಾನೂ ಕೈಯಲ್ಲಿ ಬನ್ನಿ ಇಟ್ಟು, "ಬಂಗಾರದಂಗ ಇರೂಣು" ಎಂದು ಎಲ್ಲರ ಹಾಗೆ ಹೇಳಿ, ಕಾಲು ಮುಟ್ಟಿ ಎದ್ದು ಬರುತ್ತಿದ್ದೆ. ಆ ಎಲೆಯ ಹಿಂದೆ ಅಡಗಿಕೊಳ್ಳುವುದು ಸುಲಭವಾಗಿತ್ತು. ಒಂದು ಸಲ ಅವಳು ನನ್ನ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದಳು. ಯಾಕೆ ಹಿಡಿದಳು ಎಂದು ಇಡೀ ವರ್ಷ ವಿಚಾರ ಮಾಡಿದೆ.

ಜೀಪು ಮುದಿಯಾಗಿ, ಕೊನೆಗೆ ಗಬ್ಬೂರ ಬೈಪಾಸಿನ ಹತ್ತಿರದ ಗುಜರಿಗೆ ಹೋಯಿತು. ಅಪ್ಪ ಅವ್ವ ತೀರಿಕೊಂಡರು. ಊರ ಮನೆಯಲ್ಲಿ ಈಗ ಕಾಕಾ ಇದ್ದಾನೆ. ಅಕ್ಕ ಧಾರವಾಡದಲ್ಲಿ ಸಾಲೆಯ ಮಾಸ್ತರಿಕೆ ಮಾಡಿ ನಿವೃತ್ತಳಾದಳು. ಇದು ಇಲ್ಲಿಗೇ ಮಣ್ಣಾಗುತ್ತದೆ ಎಂದುಕೊಂಡಿದ್ದೆ. ಆಗ, ಈ ವರ್ಷದ ಬೇಸಿಗೆಯಲ್ಲಿ, ಅವಳು ಫೋನು ಮಾಡಿದಳು. ಹೊಸ ಕಾರು ತೆಗೆದುಕೊಳ್ಳುತ್ತಾಳಂತೆ, ನಾನು ಜೊತೆಗೆ ಬರಬೇಕಂತೆ.

"ನಾ ಯಾಕ ಅಕ್ಕಾ?" ಎಂದೆ.

"ನಿನಗ ಯಾರ ಮ್ಯಾಲೂ ನಂಬಿಗಿ ಇಲ್ಲಲಾ, ಅದಕ್ಕ. ಷೋರೂಮಿಗೆ ಅಂಥಾಂವನ ಬೇಕು."

ಅದು ಚೇಷ್ಟೆಯೋ, ಚುಚ್ಚುವ ಮಾತೋ ನನಗೆ ತಿಳಿಯಲಿಲ್ಲ.

ಷೋರೂಮಿನಲ್ಲಿ ನಾನು ಒಳ್ಳೆಯ ಸಂಶಯದವನಾಗಿ ನಡೆದುಕೊಂಡೆ. ಕಾರಿನ ಕೆಳಗೆ ಬಗ್ಗಿ ನೋಡಿದೆ. ಮಳೆಯಲ್ಲಿ ನೆಂದ ಗಾಡಿಗೆ ಹೊಸ ಬಣ್ಣ ಬಳಿದಿದ್ದಾರೋ ಎಂದು ಬಾಗಿಲ ಸಂದಿಯಲ್ಲಿ ಉಗುರು ಹಾಕಿ ನೋಡಿದೆ. ಚಹಾ ಕೊಟ್ಟರೆ, ಇದರ ದುಡ್ಡೂ ಬಿಲ್ಲಿನಲ್ಲಿ ಬರುತ್ತದೆ ಎಂದು ಅಕ್ಕನ ಕಿವಿಯಲ್ಲಿ ಹೇಳಿದೆ. ಮಾರುವ ಹುಡುಗ ಸಣ್ಣ ಧ್ವನಿಯಲ್ಲಿ, ಈಗಲೇ ಬುಕ್ ಮಾಡಿ ಎಂದ. ದೂರದ ದೇಶಗಳು ಒಂದರ ಮೇಲೊಂದು ಸುಂಕ ಏರಿಸುತ್ತಿವೆಯಂತೆ, ಬಿಡಿಭಾಗ ತುಟ್ಟಿಯಾಗಿ ಕಾರಿನ ದರ ಇನ್ನೂ ಏರುತ್ತದಂತೆ. ಮತ್ತೊಂದು ಸಲ ಹೋಗುವುದರೊಳಗೆ, ಸಣ್ಣ ಕಾರಿನ ಮೇಲಿನ ತೆರಿಗೆಯನ್ನು ಸರಕಾರ ಇಳಿಸುತ್ತದೆ ಎಂದು ಟಿವಿಯಲ್ಲಿ ಬಂತು. ನಾನು ಅವನನ್ನು ಹಿಡಿದೆ. ಮೊನ್ನೆ ಏರುತ್ತದೆ ಎಂದಿದ್ದಿರಲ್ಲ?

"ಸರ, ಏರೂದು ಬ್ಯಾರೆ, ಇಳಿಯೂದು ಬ್ಯಾರೆ" ಎಂದ ಅವನು. ಅಕ್ಕ ನಕ್ಕು, ಇವನು ನಮ್ಮ ಸಾಲೆಯಲ್ಲಿದ್ದರೆ ಪಾಸು ಮಾಡುತ್ತಿದ್ದೆ ಎಂದಳು.

ಕಾಯೋಣ ಎಂದೆ ನಾನು. ತೆರಿಗೆ ಇಳಿಯಲಿ. ಇಳಿಯುತ್ತದೆಂದು ಗೊತ್ತಾದ ಮೇಲೆ, ಇವರು ಮೊದಲೇ ದರ ಏರಿಸಿ ಆಮೇಲೆ ಇಳಿಸಿದ ಹಾಗೆ ತೋರಿಸುತ್ತಾರೆ, ಇನ್ನೂ ಕಾಯೋಣ ಎಂದೆ. ಅಕ್ಕ ಪ್ರತಿ ಸಲವೂ ಹೂಂ ಎಂದಳು. ಅಂಗಡಿಯಲ್ಲಿ ಗಿರಾಕಿಗಳ ಜೊತೆಗೂ ಅದನ್ನೇ ವಾದಿಸುತ್ತ ಕೂಡುತ್ತಿದ್ದೆ. ಆದರೆ ನನ್ನ ಹೊಟ್ಟೆಯೊಳಗಿನದು ತೆರಿಗೆಯ ಮಾತಲ್ಲ. ಅವಳು ಮತ್ತೆ ಸ್ಟೇರಿಂಗಿನ ಮುಂದೆ ಕುಳಿತರೆ ಆ ದಿನದ ಮಾತು ಬಂದೇ ಬರುತ್ತದೆ. ಬರಬಾರದು ಎಂದೇ ನಾನು ಸುಂಕ, ತೆರಿಗೆ ಎಂದು ಒಂದರ ಹಿಂದೊಂದು ಕಲ್ಲು ಅಡ್ಡ ಇಡುತ್ತಿದ್ದೆ.

ಅಷ್ಟರಲ್ಲಿ ಅವಳು ನನಗೆ ಹೇಳದೆ ಧಾರವಾಡದಲ್ಲಿ ಡ್ರೈವಿಂಗ್ ಕಲಿತು ಲೈಸನ್ಸೂ ತೆಗೆದುಕೊಂಡಿದ್ದಳು. ಯಾಕೆ ಹೇಳಲಿಲ್ಲ? ತೆರಿಗೆ ನವರಾತ್ರಿಯ ಹೊತ್ತಿಗೆ ನಿಜವಾಗಿಯೇ ಇಳಿಯಿತು. ನನ್ನ ನೆಪಗಳೂ ತೀರಿದವು. ಕಾರನ್ನು ಖಂಡೇಪೂಜೆಯ ದಿನವೇ ತರೋಣ ಎಂದಳು. ಆ ದಿನವೇ ಯಾಕೆ? ಊರಿಗೆ ಊರೇ ಅಂದು ಗಾಡಿ ತರುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಇವಳು ನನ್ನನ್ನು ಒಂದು ಮೂಲೆಗೆ ನೂಕುತ್ತಿದ್ದಾಳೆ ಎಂದೇ ಅನ್ನಿಸಿತು.

ಷೋರೂಮಿನಲ್ಲಿ ಅಂದು ಜಾತ್ರೆಯಂಥ ಗದ್ದಲ. ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು, ನೀವೇ ಹಾಯಿಸಿ ಎಂದು ಆ ಹುಡುಗ ಕೀಲಿಕೈಯನ್ನು ಅಕ್ಕನ ಮುಂದೆ ಹಿಡಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ನನ್ನ ತಮ್ಮ ನಡಸ್ತಾನ" ಎಂದಳು. ಲೈಸನ್ಸು ಇದ್ದವಳು ಯಾಕೆ ಹೀಗೆಂದಳು? ನಾನು ನಿಂಬೆಹಣ್ಣಿನ ಮೇಲೆ ಕಾರು ಹಾಯಿಸಿದೆ.

ಹೊಸ ಗಾಡಿ ಬಂದರೆ ಮೊದಲು ಅಮ್ಮಿನಬಾವಿಯ ಮನೆಯ ಮುಂದೆ ಒಯ್ಯುವುದು ನಮ್ಮಲ್ಲಿ ರೂಢಿ. ದಾರಿಯುದ್ದಕ್ಕೂ ಅಕ್ಕ ಹಳೆಯ ಜೀಪಿನ ಮಾತೇ ತೆಗೆದಳು. ಡೀಸೆಲ್ ಮತ್ತು ಹತ್ತಿಯ ಕೂಡಿದ ವಾಸನೆ, ತಾಡಪತ್ರಿಯ ಮಾಡಿನಿಂದ ಅಪ್ಪನ ಕೊರಳಿಗೇ ಸೋರುತ್ತಿದ್ದ ಮಳೆ, ಏರು ಬಂದಾಗ ನಾವೆಲ್ಲ ಇಳಿದು ನೂಕುತ್ತಿದ್ದದ್ದು. ನಾನು ಹೂಂಗುಟ್ಟುತ್ತ, ಮಾತು ಎಲ್ಲಿಗೆ ಹೊರಳುತ್ತದೋ ಎಂದು ಕಾಯುತ್ತಿದ್ದೆ. ಅವಳ ಸೀಟಿನ ಪಟ್ಟಿ ಸರಿಯಾಗಿ ಹಾಕಿರಲಿಲ್ಲ. ಕಾರು ಸೀಟಿ ಊದತೊಡಗಿತು.

"ಇದಕ್ಕ ಎಲ್ಲಾದಕ್ಕೂ ಒದರೂದ ಗೊತ್ತೈತಿ" ಎಂದಳು ಅಕ್ಕ. "ನಮ್ಮ ಜೀಪೂ ಒಂದ ಮಾತ ಒದರಿದ್ರ ಚಲೋ ಇತ್ತು."

ನಾನು ಕಾರು ಬದಿಗೆ ನಿಲ್ಲಿಸಿ ಅವಳ ಪಟ್ಟಿ ಹಾಕಿದೆ.

ಊರಿನ ಇಳಿಜಾರು ಈಗ ಸಿಮೆಂಟಿನದಾಗಿದೆ, ಆದರೆ ಇಳಿಜಾರು ಅದೇ. ಕಾರು ನಿಲ್ಲಿಸಿ, ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಕಾಕಾ ಕೋಲೂರಿಕೊಂಡು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದ. ಎದುರುಮನೆಯ ಕಡೆ ಕೋಲು ತೋರಿಸಿ, "ಈಗ ಸಿಮೆಂಟಿನ ಗ್ವಾಡಿ ಐತಿ ನೋಡವಾ. ಈ ಸಲ ನಿನಗ ಜಗ್ಗಂಗಿಲ್ಲ" ಎಂದ. ಮಂದಿ ನಕ್ಕಿತು. ಅಕ್ಕ ಎಂದಿನಂತೆ ನಕ್ಕಳು. ನಗುತ್ತಲೇ ಗಟಾರದ ಬದಿಗೆ ಹೋಗಿ, ಒಂದು ದಪ್ಪ ಕಲ್ಲು ಹುಡುಕಿ, ಎರಡೂ ಕೈಯಲ್ಲಿ ಎತ್ತಿ ತಂದು, ಹೊಸ ಕಾರಿನ ಮುಂದಿನ ಗಾಲಿಗೆ ಕೊಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ನೋಡಿದಳು.

ಬಂತು ಎಂದುಕೊಂಡೆ. ಇಷ್ಟು ವರ್ಷ ಕಾದು ಇಂದು ಕೇಳುತ್ತಾಳೆ.

"ಹ್ಯಾಂಡ್‌ಬ್ರೇಕ್ ಹಾಕೇನಲ್ಲ ಅಕ್ಕಾ. ಕಲ್ಲ ಯಾಕ?"

ಅವಳು ದನಿ ಇಳಿಸಿದಳು. "ಗಾಡಿ ಮ್ಯಾಲ ನಂಬಿಗಿ ಐತಿ. ನನ್ನ ಕಾಲಿನ ಮ್ಯಾಲ ಇಲ್ಲ. ಅವತ್ತ ಏನ ಒತ್ತಿದ್ನೋ, ಇನ್ನೂ ನೆನಪಾಗವಲ್ದು. ಕಲಿಸಾಂವ ಬಾಜೂಕ ಕುಂತಿದ್ರ ನಡಸ್ತೇನಿ. ಒಬ್ಬಾಕಿನ ಕುಂತ್ರ ಕಾಲು ನಡಗತಾವು. ಅದಕ್ಕ ನಿನ್ನ ಕರಕೊಂಡ ಬಂದೇನಿ, ತಮ್ಮಾ."

ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಇಷ್ಟು ಕಾಲ ಅವಳ ಒಂದೊಂದು ಮಾತನ್ನೂ ಸಂಶಯದಿಂದ ತೂಗಿದ್ದೆ. ಅವಳು ತನ್ನ ಕಾಲನ್ನು ಬಿಟ್ಟರೆ ಮತ್ತಾರನ್ನೂ ಸಂಶಯಪಟ್ಟಿರಲಿಲ್ಲ. ತಾಟಿನ ಕೆಳಗೆ ಕ್ಲಚ್ಚು ಒತ್ತುತ್ತಿದ್ದ ಕಾಲು ಅದು.

ನಾನು ಬಗ್ಗಿ ಆ ಕಲ್ಲನ್ನು ತೆಗೆದೆ. ಕಾರು ಅಲ್ಲಾಡಲಿಲ್ಲ. ಕಲ್ಲು ಕೈಯಲ್ಲೇ ಇತ್ತು, ಈ ಸಲ ಬಿಡಲು ಹತ್ತಿರ ದೋಣಿ ಇರಲಿಲ್ಲ. ಕಾಕಾನಿಗೂ ನೆರೆದವರಿಗೂ ಕೇಳಿಸುವ ಹಾಗೆ ಹೇಳಿದೆ.

"ಕಾಕಾ, ಗ್ವಾಡಿ ಕೆಡವಿದಾಕಿ ಇಕಿ ಅಲ್ಲ, ಕೆಡವಿದಾಂವ ನಾ. ಅಕ್ಕಾ, ಅವತ್ತ ನೀ ಏನೂ ಒತ್ತಿದ್ದಿಲ್ಲ. ತೊಳದ ಪೂಜಾಕ್ಕ ಇಡೂಣಂತ ಗಾಲಿ ಕೆಳಗಿನ ಕಲ್ಲು ನಾ ತಗದಿದ್ದೆ. ಅಪ್ಪ ನಿನಗ ಬೈಯೂಮುಂದ ಕಂಬದ ಹಿಂದ ನಿಂತಿದ್ದೆ. ನಿನ್ನ ಕಾಲಿಂದು ಏನೂ ತಪ್ಪಿಲ್ಲ. ತಪ್ಪು ನಂದು. ಇಷ್ಟ ವರ್ಷ ಹೇಳಲಾರದ್ದು ಅದಕ್ಕಿಂತ ದೊಡ್ಡ ತಪ್ಪು. ತಪ್ಪಾತು, ಅಕ್ಕಾ."