ಇಪ್ಪತ್ಮೂರು ಅಲಗಿನ ಗಂಡ

ನನ್ನ ಹೆಂಡತಿ ಹೊಲಿಗೆ ಮೆಷಿನ್‌ಗಳ ಮೆಕ್ಯಾನಿಕ್. ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ನೂರ ಇಪ್ಪತ್ತು ಮೆಷಿನ್‌ಗಳು ಅವಳ ಸುಪರ್ದಿಯಲ್ಲಿವೆ. ಸಾಲಿನಲ್ಲಿ ಕೂತು ಹೊಲಿಯುವ ಹೆಂಗಸರು ಅವಳನ್ನು ಮೆಕ್ಯಾನಿಕ್ ಅಕ್ಕ ಎನ್ನುತ್ತಾರೆ. ನಾನು ಕೋರ್ಟಿನ ನಕಲು ವಿಭಾಗದ ಗುಮಾಸ್ತ. ನನ್ನ ಕೈಗೆ ಬಂದ ಏಕೈಕ ಯಂತ್ರ ಸ್ಟೇಪ್ಲರ್. ಅದರಲ್ಲಿ ಪಿನ್ನು ಸಿಕ್ಕಿಕೊಂಡರೂ ಸಂಜೆ ಮನೆಗೆ ತಂದು ಅವಳ ಮುಂದಿಡುತ್ತೇನೆ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನಾನು ಒಂದೇ ಒಂದು ಸಲ ಬಲ್ಬು ಬದಲಾಯಿಸಿದ್ದೇನೆ. ಅದು ಕೆಟ್ಟಿರಲಿಲ್ಲ, ಕರೆಂಟು ಹೋಗಿತ್ತು.

ಐದು ತಿಂಗಳ ಹಿಂದೆ ಮೆಷಿನ್ನಿನ ತಲೆಭಾಗವನ್ನು ಎತ್ತಿಕೊಂಡು ಹೋಗುವಾಗ ಅವಳು ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು, ಅಂಗೈ ಊರಿ ಒತ್ತಿ ಹಿಡಿಯಬಹುದು, ಆದರೆ ಬೆರಳುಗಳ ಹಿಡಿತ ಮೊದಲಿನಂತೆ ಬರುವುದು ಕಷ್ಟ ಎಂದರು. ಕಾರ್ಖಾನೆಯವರು ಒಳ್ಳೆಯವರೇ. ಮೂರು ತಿಂಗಳು ಬಿಟ್ಟು ಬಂದು ಒಂದು ಮೆಷಿನ್ ರಿಪೇರಿ ಮಾಡಿ ತೋರಿಸಿ, ಆಗದಿದ್ದರೆ ಸ್ಟೋರಿನಲ್ಲಿ ಕೂತು ದಾರದುಂಡೆ ಎಣಿಸಿಕೊಡುವ ಕೆಲಸವಿದೆ ಎಂದು ಹೇಳಿ ಕಳಿಸಿದ್ದರು. ಅವಳು ಅದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಡುಗೆಮನೆಯ ನಲ್ಲಿ ಮೂರು ವಾರದಿಂದ ತೊಟ್ಟಿಕ್ಕುತ್ತಿತ್ತು. ಅವಳು ಅದನ್ನು ನೋಡುತ್ತಿದ್ದಳು, ಆಮೇಲೆ ಮುಖ ತಿರುಗಿಸಿಕೊಂಡು ಹಾಲಿಗೆ ಹೋಗುತ್ತಿದ್ದಳು.

ಹೆಂಡತಿಯ ಮನಸ್ಸು ಓದುವುದರಲ್ಲಿ ನಾನು ನಿಸ್ಸೀಮ. ಇವಳಿಗೆ ಮನೆಯ ಚಿಂತೆ ಹತ್ತಿದೆ, ಮುರಿದದ್ದು ಹರಿದದ್ದನ್ನೆಲ್ಲ ಇನ್ನು ನೋಡಿಕೊಳ್ಳುವವರು ಯಾರು ಎಂದು ಕೊರಗುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ಗಂಡಸಾದವನು ಜೇಬಿನಲ್ಲಿ ಒಂದು ಚಾಕು ಇಟ್ಟುಕೊಂಡಿರಬೇಕು. ಚಾಕು, ಸ್ಕ್ರೂಡ್ರೈವರ್, ಇಕ್ಕಳ ಎಲ್ಲ ಒಂದರಲ್ಲೇ ಮಡಚಿಟ್ಟಿರುತ್ತಾರಲ್ಲ, ಅಂಥದ್ದು. ಆರು ವಾರ ಅದರ ವಿಡಿಯೋಗಳನ್ನು ನೋಡಿದೆ. ಉಕ್ಕಿನ ಜಾತಿಗಳ ಬಗ್ಗೆ ಪಕ್ಕದ ಮೇಜಿನ ಟೈಪಿಸ್ಟಿಗೆ ಎಷ್ಟು ಕೊರೆದೆನೆಂದರೆ ಆತ ಮೇಜನ್ನೇ ಕಿಟಕಿಯ ಕಡೆಗೆ ಎಳೆದುಕೊಂಡು ಹೋದ.

ಹಾರ್ಡ್‌ವೇರ್ ಅಂಗಡಿಯವರು ವಯಸ್ಸಾದವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮಾತಾಡುವವರು.

"ಯಾವ ಕೆಲಸಕ್ಕೆ ಬೇಕು ಸಾರ್?"

"ಎಲ್ಲಾ ಕೆಲಸಕ್ಕೂ."

ಅವರು ಮೂರು ತಂದಿಟ್ಟರು. ಒಂದು ತೆಳ್ಳಗಿನದು, ಒಂದು ಮಧ್ಯಮ, ಇನ್ನೊಂದು ಸೋಪಿನ ಕಟ್ಟಿನಷ್ಟು ದಪ್ಪ. ದಪ್ಪಗಿನದರಲ್ಲಿ ಇಪ್ಪತ್ಮೂರು ಉಪಕರಣಗಳಿದ್ದವು. ಭೂತಗನ್ನಡಿ ಇತ್ತು, ಮೀನಿನ ಹೊಟ್ಟೆಯಿಂದ ಗಾಳ ತೆಗೆಯುವ ಕೊಕ್ಕೆ ಇತ್ತು, ಏನಕ್ಕೆಂದು ಅಂಗಡಿಯವರಿಗೂ ಗೊತ್ತಿಲ್ಲದ ಒಂದು ಮೊಳೆಯೂ ಇತ್ತು. ಕೊಳ್ಳುವುದಾದರೆ ಇದನ್ನೇ ಎಂದೆ.

"ಇದನ್ನ ಬಿಡಿಸೋಕೆ ಗಟ್ಟಿ ಉಗುರು ಬೇಕು ಸಾರ್" ಎಂದರು ಅವರು, ನನ್ನ ಕೈ ನೋಡುತ್ತ. ನಾನು ಹುಟ್ಟಿದಾಗಿನಿಂದ ಉಗುರು ಕಚ್ಚುವವನು.

"ಬೆಳೆಸ್ತೀನಿ ಬಿಡಿ" ಎಂದೆ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಮರುದಿನ ಬೆಳಿಗ್ಗೆಯೇ ಅದನ್ನು ಜೇಬಿಗಿಳಿಸಿ, ಒಂದು ಕಡೆ ಪ್ಯಾಂಟು ಜಗ್ಗುತ್ತಿದ್ದರೂ ಎದೆ ಸೆಟೆದುಕೊಂಡು ಕೋರ್ಟಿಗೆ ಹೋದೆ. ಗೇಟಿನ ಯಂತ್ರ ಕಿರುಚಿಕೊಂಡಿತು. ಕಾವಲುಗಾರ ನನ್ನ ಜೇಬಿನಿಂದ ಬಂದದ್ದನ್ನು ನೋಡಿದ, ನನ್ನನ್ನು ನೋಡಿದ.

"ಸಾರ್, ಇಪ್ಪತ್ತು ವರ್ಷದಿಂದ ಇದೇ ಗೇಟಲ್ಲಿ ಬರ್ತೀರ. ಚಾಕು ಒಳಗೆ ಬಿಡಲ್ಲ ಅಂತ ಗೊತ್ತಿಲ್ವಾ?"

ಅವನ ತಲೆಯ ಮೇಲೆಯೇ ದೊಡ್ಡ ಅಕ್ಷರದ ಸೂಚನೆ ತೂಗುತ್ತಿತ್ತು. ಅದರ ಪ್ರತಿ ತೆಗೆದು, ತಪ್ಪು ತಿದ್ದಿ, ಸರಿಯಾಗಿದೆ ಎಂದು ಕೆಳಗೆ ಸಹಿ ಹಾಕಿದವನು ನಾನೇ. ಇಂಗು ತಿಂದ ಮಂಗನ ಹಾಗೆ ಚಾಕುವನ್ನು ಅವನ ಕೈಗೊಪ್ಪಿಸಿ ಟೋಕನ್ ಪಡೆದುಕೊಂಡೆ. ಮಧ್ಯಾಹ್ನ ಕಿಟಕಿಯಿಂದ ಇಣುಕಿದರೆ ಅವನು ನನ್ನ ಚಾಕುವಿನಿಂದ ಯಾರದೋ ಚಪ್ಪಲಿಯ ಮೊಳೆ ಕೀಳುತ್ತಿದ್ದ. ಸಂಜೆ ವಾಪಸು ಕೊಡುವಾಗ, ಒಳ್ಳೆ ಸಾಮಾನು ಸಾರ್, ದಿನಾ ತನ್ನಿ ಎಂದ. ಅದರ ಮೈಮೇಲೆ ಆಗಲೇ ಎರಡು ಗೀರು ಬಿದ್ದಿದ್ದವು.

ಆದರೂ ಮನೆಗೆ ಹೋಗಿ ಅದನ್ನು ಅವಳ ಮುಂದೆ ಮೇಜಿನ ಮೇಲಿಟ್ಟೆ. ಬಸ್ಸಿನಲ್ಲಿ ಕೂತು ತಯಾರು ಮಾಡಿಕೊಂಡಿದ್ದ ಮಾತನ್ನು ಹೇಳಿದೆ. "ನೋಡು, ಇನ್ಮೇಲೆ ನೀನು ಏನನ್ನೂ ಮುಟ್ಟಬೇಡ. ಎಲ್ಲಾ ನಾನು ನೋಡ್ಕೋತೀನಿ."

ಅವಳು ಬಲಗೈಯನ್ನು ಸೆರಗಿನ ಕೆಳಗೆ ಎಳೆದುಕೊಂಡಳು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡು ನಾನು ನೇರವಾಗಿ ನಲ್ಲಿಗೆ ಕೈಹಾಕಿದೆ. ಇಕ್ಕಳದಿಂದ ಹಿಡಿದು ತಿರುಗಿಸಿದೆ. ಯಾವ ಕಡೆಗೆ ತಿರುಗಿಸಬೇಕೆಂಬ ಸಣ್ಣ ವಿಷಯವೊಂದು ಆ ಆರು ವಾರಗಳ ವಿಡಿಯೋಗಳಲ್ಲಿ ಬಂದಿರಲಿಲ್ಲ. ನಲ್ಲಿಯ ತಲೆ ಹಾರಿಹೋಗಿ ನೀರು ಛಾವಣಿಗೆ ಚಿಮ್ಮಿತು. ನಾನು ಅಂಗೈ ಒತ್ತಿ ಹಿಡಿದು, ಅಯ್ಯೋ ಅಯ್ಯೋ ಎನ್ನುತ್ತ, ನಖಶಿಖಾಂತ ತೊಯ್ದು ನಿಂತೆ. ಅವಳು ಎದ್ದು ಹೋಗಿ ಬಚ್ಚಲುಮನೆಯಲ್ಲಿದ್ದ ಮುಖ್ಯ ವಾಲ್ವನ್ನು ಎಡಗೈಯಲ್ಲಿ ಮುಚ್ಚಿ ಬಂದಳು.

ಈಗ ನಗುತ್ತಾಳೆ ಎಂದುಕೊಂಡೆ. ಅವಳು ಅಳುತ್ತಿದ್ದಳು.

"ನಾನು ಮುಗಿದೆ ಅಂತ ನೀವೂ ತೀರ್ಮಾನ ಮಾಡಿಬಿಟ್ರಾ?" ಎಂದಳು. "ಅವರು ದಾರದುಂಡೆ ಎಣಿಸು ಅಂದ್ರು. ನೀವು ಏನೂ ಮುಟ್ಟಬೇಡ ಅಂತೀರ. ಹಾಗಾದ್ರೆ ನಾನು ಕೈ ಇಟ್ಕೊಂಡು ಏನ್ ಮಾಡ್ಲಿ ರೀ?"

ನನಗೆ ನಾಚಿಕೆಯಾಯಿತು. ಒದ್ದೆ ಬಟ್ಟೆಯಲ್ಲಿ ನಿಂತಿದ್ದಕ್ಕಲ್ಲ, ಅದು ನನಗೆ ಅಭ್ಯಾಸ. ಇಪ್ಪತ್ತಾರು ವರ್ಷ ಜೊತೆಗಿದ್ದೂ ಇವಳ ಕೊರಗು ನಲ್ಲಿಯದಲ್ಲ, ಕೈಯದು ಎನ್ನುವುದು ನನಗೆ ಹೊಳೆದಿರಲಿಲ್ಲ. ತಪ್ಪಾಯ್ತು ಕಣೇ ಎಂದೆ. ನೆಲದ ನೀರು ಒರೆಸತೊಡಗಿದೆ.

ಸ್ವಲ್ಪ ಹೊತ್ತಾದ ಮೇಲೆ ಅವಳು ಆ ಚಾಕುವನ್ನು ಎತ್ತಿಕೊಂಡಳು. ಎಡಗೈಯಲ್ಲೇ ಬಿಡಿಸಲು ನೋಡಿದಳು, ಆಗಲಿಲ್ಲ. ಬಲಗೈ ಹೆಬ್ಬೆರಳು ಹಚ್ಚಿದಳು, ಜಾರಿತು.

"ಯಾರು ಆರಿಸಿದ್ದು ಇದನ್ನ?"

"ನಾನೇ."

"ಗೊತ್ತಾಗತ್ತೆ. ಬಿಡಿಸೋಕೇ ಎರಡು ಕೈ ಕೇಳತ್ತೆ. ಮೆಕ್ಯಾನಿಕ್‌ದು ಒಂದು ಕೈ ಯಾವಾಗ್ಲೂ ಮೆಷಿನ್ ಮೇಲಿರ್ಬೇಕು ರೀ. ಎಲ್ಲಿ ಅದುರತ್ತೆ ಅಂತ ಆ ಕೈ ಹೇಳತ್ತೆ. ಕೆಲಸ ಮಾಡೋದು ಇನ್ನೊಂದು. ನಂಗೆ ಇಷ್ಟು ವರ್ಷ ಎಡಗೈ ಹೇಳ್ತಿತ್ತು, ಬಲಗೈ ಮಾಡ್ತಿತ್ತು." ಅಷ್ಟು ಹೇಳಿ ಅವಳು ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಸುಮಾರು ಹೊತ್ತು ನೋಡುತ್ತ ಕೂತಳು. ನನ್ನ ಜೀವಮಾನದಲ್ಲಿ ಸರಿಯಾದ ಸಮಯಕ್ಕೆ ಸುಮ್ಮನಿದ್ದದ್ದು ಅದೊಂದೇ ಸಲ.

"ಆ ಅಂಗಡಿ ನಾಳೆ ತೆಗೆದಿರತ್ತಾ?" ಎಂದಳು.

ಗೀರು ಬಿದ್ದ ಮಾಲನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಅದು ನನ್ನ ಪಾಲಿಗೇ ಉಳಿಯಿತು. ಅವಳು ಮಾತ್ರ ಗಾಜಿನ ಬೀರುವಿನಲ್ಲಿದ್ದ ಎಂಟು ಚಾಕುಗಳನ್ನೂ ಹೊರಗೆ ತೆಗೆಸಿದಳು. ಬಲ ಅಂಗೈಯನ್ನು ಗಲ್ಲಾಪೆಟ್ಟಿಗೆಯ ಮೇಲೆ, ಮೆಷಿನ್ನಿನ ತಲೆಯ ಮೇಲಿಟ್ಟಂತೆ ಊರಿ, ಕಣ್ಣು ಮುಚ್ಚಿಕೊಂಡು, ಒಂದೊಂದನ್ನೇ ಎಡಗೈಯಲ್ಲಿ ತೂಗಿ ಹೆಬ್ಬೆರಳಿನಿಂದ ತಳ್ಳಿ ನೋಡಿದಳು. ಒಂದು ಬಿಗಿ, ಒಂದರ ಅಲಗು ತೆರೆದಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ, ಒಂದು ಬಲಗೈಯವರಿಗಾಗಿಯೇ ಮಾಡಿದ್ದು. ಅಂಗಡಿಯವರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡರು.

"ಏನು ಕೆಲಸ ಅಮ್ಮಾ ನಿಮ್ದು?"

"ಮೆಷಿನ್ ಮೆಕ್ಯಾನಿಕ್" ಎಂದಳು. ಐದು ತಿಂಗಳಿಂದ ಆ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ.

ಏಳನೆಯದು ಸಣ್ಣದು. ಒಂಬತ್ತೇ ಉಪಕರಣ, ಎಲ್ಲ ಹೊರಮೈಯಲ್ಲೇ. ಹೆಬ್ಬೆರಳು ತಾಗಿದ್ದೇ ತಡ ಸ್ಕ್ರೂಡ್ರೈವರ್ ಹೊರಬಂದು ಟಕ್ಕೆಂದು ನಿಂತಿತು. ಅವಳು ಕಣ್ಣು ತೆರೆದು, ಗಲ್ಲಾಪೆಟ್ಟಿಗೆಯ ಸಡಿಲ ಹಿಡಿಕೆಯ ಎರಡು ಸ್ಕ್ರೂಗಳನ್ನು ಕೇಳದೆಯೇ ಬಿಗಿ ಮಾಡಿಕೊಟ್ಟಳು. ಮೊದಲನೆಯದು ಎರಡು ಸಲ ಜಾರಿತು. ಎರಡನೆಯದು ಜಾರಲಿಲ್ಲ. ಆಮೇಲೆ ಅಂಗಡಿಯವರು ನನ್ನ ಕಡೆ ತಿರುಗಿ, ಸಾರ್ ಆ ಮೀನಿನ ಕೊಕ್ಕೆ ಉಪಯೋಗಕ್ಕೆ ಬಂತಾ ಎಂದು ಕೇಳಿದರು. ಇಬ್ಬರೂ ಸೇರಿ ನಕ್ಕರು.

ಆಮೇಲಿನ ಹದಿನೈದು ದಿನ ಮನೆಯ ಯಾವ ಸ್ಕ್ರೂವಿಗೂ ನೆಮ್ಮದಿ ಇರಲಿಲ್ಲ. ಮೊದಲು ನಲ್ಲಿಗೆ ತಲೆ ಕೂರಿಸಿದಳು, ಆಮೇಲೆ ಸಿಕ್ಕಿದ್ದನ್ನೆಲ್ಲ ಎಡಗೈಯಲ್ಲಿ ಬಿಚ್ಚಿದಳು, ಎಡಗೈಯಲ್ಲಿ ಹಾಕಿದಳು. ನನ್ನ ಸ್ಟೇಪ್ಲರನ್ನು ನಲವತ್ತು ಸಲವಾದರೂ ಬಿಚ್ಚಿರಬೇಕು. ಒಂದೆರಡು ಸಲ ಕೋಪದಿಂದ ಎಸೆದಳು ಕೂಡ. ನಾನು ಆಯ್ದು ತಂದುಕೊಟ್ಟೆ.

ಕಾರ್ಖಾನೆಯವರು ಬರಹೇಳಿದ್ದ ದಿನ ರಜೆ ಹಾಕಿ ಮನೆಯಲ್ಲೇ ಕೂತಿದ್ದೆ. ಅವಳೇನೋ ಧೈರ್ಯವಾಗಿ ಹೋಗಿದ್ದಳು. ಗಳಿಗೆಗೊಮ್ಮೆ ಬಾಗಿಲಿಗೆ ಹೋಗಿ ಬೀದಿ ನೋಡುತ್ತಿದ್ದದ್ದು ನಾನು. ಸಂಜೆ ಬಾಗಿಲು ತೆರೆದಾಗ ಮೊದಲು ಅವಳ ಮುಖ ನೋಡಲು ಭಯವಾಗಿ ಕೈ ನೋಡಿದೆ. ಎಡಗೈ ಮೊಣಕೈವರೆಗೆ ಎಣ್ಣೆಮಸಿ. ಬಲ ಅಂಗೈಯಲ್ಲೂ ಮಸಿ.

"ಐದು ನಿಮಿಷದ ಕೆಲಸಕ್ಕೆ ಹದಿನಾಲ್ಕು ನಿಮಿಷ ತಗೊಂಡೆ" ಎಂದಳು. "ಸೂಪರ್‌ವೈಸರು ಗಡಿಯಾರ ನೋಡ್ತಾನೇ ಇದ್ರು. ಆದ್ರೆ ಮೆಷಿನ್ ಓಡ್ತು. ಸ್ಟೋರಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ನಾನೇ ಹೇಳ್ಬಿಟ್ಟೆ."

ಏನಾದರೂ ಮಾಡಬೇಕಲ್ಲ ಎಂದು, ಅವಳ ಹೆಗಲಿನ ಚೀಲ ತೆಗೆಯಲು ಹೋಗಿ ಅದರ ಜಿಪ್ಪನ್ನೇ ಕಿತ್ತುಬಿಟ್ಟೆ.

"ಅಯ್ಯೋ, ಬಿಡ್ರಿ! ಅದನ್ನ ಮುಟ್ಟಬೇಡಿ!" ಎಂದು ಗದರಿದಳು. "ಕೈ ತೊಳ್ಕೊಂಡು ಬಂದು ನಾನೇ ಸರಿ ಮಾಡ್ತೀನಿ."

ಅಷ್ಟು ಸಂತೋಷದಿಂದ ನಾನು ಎಂದೂ ಬೈಸಿಕೊಂಡಿರಲಿಲ್ಲ.