ಪೇಪರ್ ಡಾಕ್ಟರು
ಊರೂರಿನ ಪತ್ರಿಕೆಗಳು ಎಷ್ಟು ಆರೋಗ್ಯವಾಗಿವೆ, ಎಷ್ಟು ಸ್ವತಂತ್ರವಾಗಿವೆ ಎಂದು ನೋಡಿ ಅಂಕ ಕೊಡುವುದು ಅವರ ಕೆಲಸವಾದ್ದರಿಂದ ಎಲ್ಲರ ಬಾಯಲ್ಲೂ ಅವರು ಪೇಪರ್ ಡಾಕ್ಟರು. ಪತ್ರಿಕೆಯ ಕಚೇರಿಗೆ ಕಾಲಿಟ್ಟವರೇ ಮೊದಲು ಗೋಡೆ ನೋಡುತ್ತಾರೆ. ಮಂತ್ರಿಯ ಪಕ್ಕ ಮಾಲೀಕರು ಹಲ್ಲುಕಿರಿದು ನಿಂತ ಫೋಟೋ ಕಂಡರೆ "ಜ್ವರ ಇದೆ" ಎಂದು ಗೊಣಗುತ್ತಾರೆ. ಮುಖಪುಟದ ಸರ್ಕಾರಿ ಜಾಹೀರಾತುಗಳ ಸಂದಿಯಲ್ಲಿ ಕನ್ನಡಕ ಏರಿಸಿ ಸುದ್ದಿ ಹುಡುಕುತ್ತಾರೆ. "ಮಾಲೀಕರ ಮಗಳ ಮದುವೆ ಎಷ್ಟು ಪುಟ ಬಂತು?" ಎಂದು ಏನೂ ಅರಿಯದವರಂತೆ ಕೇಳಿ, ಸಂಪಾದಕರು ಕೆಮ್ಮಿದರೆ ಅದಕ್ಕೂ ಅಂಕ ಕಳೆಯುತ್ತಾರೆ. ಇಷ್ಟು ಬಿಗಿಯಾದ ಮನುಷ್ಯನಿಗೆ ಫೋನು ಬಡಿದುಕೊಂಡರೆ ಮಾತ್ರ ತಡಬಡಾಯಿಸಿ ಎದ್ದು ನಿಲ್ಲುವ ಚಾಳಿ. ಬಸ್ಸಿನಲ್ಲೂ ಅಷ್ಟೇ, ಊಟದ ನಡುವೆಯೂ ಅಷ್ಟೇ, ಕರೆದವಳು ಹೆಂಡತಿಯಾದರೂ ಅಷ್ಟೇ. ಮನೆಯವರಿಗೆ ಅದೊಂದು ತಮಾಷೆ. ಆದರೆ ಡಾಕ್ಟರೂ ಒಂದು ಕಾಲದಲ್ಲಿ ಸಂಪಾದಕರು. ಮಂತ್ರಿ ಕಚೇರಿಯ ಫೋನನ್ನು ವರ್ಷಗಟ್ಟಲೆ ನಿಂತೇ ಕೇಳಿಸಿಕೊಂಡು, ಒಳ್ಳೊಳ್ಳೆಯ ಸುದ್ದಿಗಳನ್ನು ಕೈಯಾರೆ ಕಿತ್ತುಹಾಕಿದವರು. ಮೊನ್ನೆ ಒಂದು ಸಣ್ಣ ಪತ್ರಿಕೆಯ ಸಂಪಾದಕಿ ಅವರೆದುರು ಡಬ್ಬಿ ಬಿಚ್ಚಿ ಉಣ್ಣುತ್ತಿದ್ದಾಗ ಅಂಥದೇ ಫೋನು ಬಂತು. "ಮಂತ್ರಿ ಆಫೀಸಿಂದ" ಎಂಬ ಗಡಸು ದನಿ ಕಿವಿಗೆ ಬಿದ್ದದ್ದೇ ಡಾಕ್ಟರು ಎದ್ದುಬಿಟ್ಟರು, ಆಕೆ ಏಳಲಿಲ್ಲ. "ಸುದ್ದಿ ನಾಳೆ ಬರುತ್ತೆ ಸಾರ್. ನಿಮ್ಮ ಸಾಹೇಬ್ರ ಉತ್ತರ ಕಳಿಸಿ, ಪಕ್ಕದಲ್ಲೇ ಹಾಕ್ತೀವಿ" ಎಂದು ಫೋನಿಟ್ಟು, ಇವರತ್ತ ತಿರುಗಿ, "ನೀವ್ಯಾಕೆ ಸಾರ್ ಎದ್ರಿ? ಕೂತ್ಕೊಳ್ಳಿ" ಎಂದಳು. ಸಂಜೆ ಹೆಂಡತಿಯ ಫೋನು ಬಂತು. "ಏನ್ರೀ, ದನಿ ಇಷ್ಟು ಹಗುರಾಗಿದೆ?" "ಕೂತ್ಕೊಂಡು ಮಾತಾಡ್ತಿದೀನಿ ಕಣೇ" ಎಂದರು ಡಾಕ್ಟರು.