ಬೆಟ್ಟದ ಮೇಲಿನ ಖಲಾಸ್

ಚನಿಯ ದುಬೈಗೆ ಬಂದು ಇಪ್ಪತ್ತಾರು ವರ್ಷ. ಈಗ ಜುಮೇರಾ ಲೇಕ್ ಟವರ್ಸಿನ ಒಂದು ಕಟ್ಟಡದಲ್ಲಿ ಏಸಿ ನೋಡಿಕೊಳ್ಳುತ್ತಾನೆ. ಮೊನ್ನೆ ಮೊನ್ನೆಯವರೆಗೆ ಅವನ ಬಾಯಲ್ಲಿ, ಮುಗಿಯಿತು ಎನ್ನಲು, ಎಲ್ಲಕ್ಕೂ ಅರಬಿಯ ಒಂದೇ ಶಬ್ದ. ರಿಪೇರಿ ಆಯಿತೇ? ಖಲಾಸ್. ಊಟ ಆಯಿತೇ? ಖಲಾಸ್. ಮಗಳ ಮದುವೆ ಚೆನ್ನಾಗಿ ನಡೆಯಿತೆಂದು ಹೇಳುವುದಕ್ಕೂ ಪುಣ್ಯಾತ್ಮನಿಗೆ ಬೇರೆ ಮಾತು ಸಿಗಲಿಲ್ಲ.

ಜನವರಿಯಲ್ಲಿ ಎರಡು ದಿನ ಮಳೆ ಸುರಿದು, ಮೂರನೆಯ ದಿನ ರಾಸ್ ಅಲ್ ಖೈಮಾದ ಬೆಟ್ಟದಲ್ಲಿ ಸಣ್ಣ ಜಲಪಾತವೊಂದು ಹೆಪ್ಪುಗಟ್ಟಿದೆ ಎಂದು ಫೋಟೋ ಬಂತು. ದುಬೈಯ ಊದ್ ಮೇಥಾದಲ್ಲಿದ್ದ ಗೆಳೆಯ ಹ್ಯೂಬರ್ಟ್ ಚಾರಣದ ಗುಂಪು ಕಟ್ಟಿದ. ಚನಿಯನೂ ಹೊರಟ. ಪಕ್ಕದ ಫ್ಲಾಟಿನ ಶ್ರವಣನಿಗೆ ಆ ದಿನ ಅಬುಧಾಬಿಯಲ್ಲಿ ಡ್ಯೂಟಿ; ಅವನ ಹೆಂಡತಿ ಲೋಲಾಕ್ಷಿ, ಹತ್ತು ವರ್ಷದ ಮಗಳು ಯಶ್ಮಿತಾ ಕಾರ್ಕಳದಿಂದ ಬಂದು ಆರು ವಾರ ಆಗಿತ್ತಷ್ಟೆ, ಅವರಿಬ್ಬರೂ ಚನಿಯನ ಜೊತೆ ಹೊರಟರು. ಮಗುವನ್ನು ನಿಮ್ಮ ಕೈಯಲ್ಲಿ ಕೊಟ್ಟಿದ್ದೇನೆ ಎಂದು ಶ್ರವಣ ಫೋನಿನಲ್ಲಿ ಎರಡು ಸಲ ಹೇಳಿದ. ಮಂಡಿನೋವಿನಿಂದ ನಾಲ್ಕು ಮೆಟ್ಟಿಲು ಹತ್ತಲಾರದ ಲೋಲಾಕ್ಷಿ, ಊಟದ ಬುತ್ತಿಯ ಜೊತೆ ಬೆಟ್ಟದ ಕೆಳಗೆ ಕಾರಿನಲ್ಲೇ ಉಳಿದಳು.

ಒಂದು ಗಂಟೆ ನಡೆದ ಮೇಲೆ ಜಲಪಾತ ಕಂಡಿತು. ಒಂದೂವರೆ ಆಳು ಎತ್ತರದ ಐಸು, ಅದರ ಬುಡದಲ್ಲಿ ಗಾಜಿನಂಥ ಹಾಸು, ಹಾಸಿನ ಆಚೆ ಇಪ್ಪತ್ತಡಿ ಪ್ರಪಾತ. ಚನಿಯ ಜೀವಮಾನವಿಡೀ ಏಸಿಯ ಕಾಯಿಲ್‌ನಿಂದ ಐಸು ಬಿಡಿಸಿದವನು. ಕಿವಿಗೊಟ್ಟ. ಹಾಸಿನ ಅಡಿಯಲ್ಲಿ ನೀರು ಹರಿಯುತ್ತಿತ್ತು. ಅಂದರೆ ಒಳಗೆ ಟೊಳ್ಳು. ಯಾರೂ ಕಾಲಿಡಬೇಡಿ ಎನ್ನಲು ತಿರುಗಿದರೆ, ಯಶ್ಮಿತಾ ಆಗಲೇ ಹಾಸಿನ ನಡುವೆ ನಿಂತು, ಬೋಟಿಮ್ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಐಸು ತೋರಿಸುತ್ತಿದ್ದಳು.

ಚಟ್ ಎಂದಿತು. ಫೋನು ಕೈಜಾರಿ ಐಸಿನ ಮೇಲೆ ಓಡಿ ಪ್ರಪಾತಕ್ಕೆ ಬಿತ್ತು, ಅಮ್ಮನ ಕಾಲ್ ಅಲ್ಲಿಗೇ ನಿಂತಿತು.

"ನಿಲ್ಬೇಡ ಮಗಾ, ಮಲಗು. ಹೊಟ್ಟೆ ಮೇಲೆ ಮಲಗು," ಎಂದ ಚನಿಯ, ಸ್ವರ ಏರಿಸದೆ.

ಅವಳು ಮಲಗಿದಳು. ಅವನೂ ಮಲಗಿದ. ಹ್ಯೂಬರ್ಟ್ ಅವನ ಎರಡೂ ಕಾಲು ಹಿಡಿದುಕೊಂಡ. ಚನಿಯ ಜಾಕೆಟ್ ಬಿಚ್ಚಿ ಅದರ ತೋಳಿನ ತುದಿಯನ್ನು ಅವಳತ್ತ ಎಸೆದ. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ಅವಳ ಬೆರಳಿಗೆ ಸಿಕ್ಕಿತು. ಬಿರುಕು ಅವಳ ಮೊಣಕೈಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಗೇಣು ಗೇಣಾಗಿ ಎಳೆದ. ಅವಳು ಬಂಡೆ ಮುಟ್ಟಿದಾಗ ಹಾಸಿನ ಅರ್ಧ ಭಾಗ ಕಳಚಿ ಕೆಳಗೆ ಹೋಯಿತು.

ಬೆಟ್ಟದಲ್ಲಿ ಆ ಜಲಪಾತದ ಸುತ್ತ ಮಾತ್ರ ನೆಟ್‌ವರ್ಕ್ ಇತ್ತು. ಚನಿಯ ತನ್ನ ಫೋನಿನಿಂದ ಲೋಲಾಕ್ಷಿಗೆ ಫೋನ್ ಮಾಡಿದ.

"ಲೋಲಾಕ್ಷೀ, ನಾನು ಚನಿಯ. ಖಲಾಸ್. ಮಗುವನ್ನು ಈಗ ಕೆಳಗೆ ತರ್ತೇವೆ."

ಅಷ್ಟಕ್ಕೇ ಲೈನ್ ಕಟ್ಟಾಯಿತು.

ದೊಡ್ಡ ಕೆಲಸ ಮುಗಿಸಿದ ನೆಮ್ಮದಿಯಲ್ಲಿ ಎಲ್ಲರೂ ಫ್ಲಾಸ್ಕಿನ ಚಹಾ ಕುಡಿದರು. ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದ ಯಶ್ಮಿತಾಳ ಹೆಗಲಿಗೆ ಚನಿಯ ತನ್ನ ಜಾಕೆಟ್ ಹಾಕಿದ, ಅದೂ ಒದ್ದೆಯೇ. ಇಳಿಯಲು ಹೊರಟು ಕಣಿವೆ ಸೇರಿದ ಮೇಲೆ ಅವಳು ಕೇಳಿದಳು:

"ಅಂಕಲ್, ಅಮ್ಮನ ಹತ್ರ ಯಾಕೆ ಖಲಾಸ್ ಅಂತ ಹೇಳಿದ್ದು? ದೊಡ್ಡಪ್ಪ ಸತ್ತಾಗ ಆಸ್ಪತ್ರೆಯಿಂದ ಮಾಮ ಫೋನ್ ಮಾಡಿ ಹಾಗೇ ಹೇಳಿದ್ದು."

ಚನಿಯ ನಿಂತುಬಿಟ್ಟ. ಹೌದು, ಊರಿನಲ್ಲಿ ಮನುಷ್ಯ ಸತ್ತರೂ ಖಲಾಸ್. ಅದನ್ನು ಅವನು ಮರೆತೇ ಬಿಟ್ಟಿದ್ದ. ಮೇಲಾಗಿ 'ತರ್ತೇವೆ' ಎಂದೂ ಹೇಳಿದ್ದ. ಫೋನ್ ತೆಗೆದ, ಕಣಿವೆಯಲ್ಲಿ ಯಾರ ಫೋನಿಗೂ ಸಿಗ್ನಲ್ ಇರಲಿಲ್ಲ. ತನ್ನ ನಾಲಿಗೆಯನ್ನು ತಾನೇ ಶಪಿಸಿಕೊಳ್ಳುತ್ತ, ಮಗುವನ್ನು ಬೆನ್ನಿಗೆ ಹಾಕಿಕೊಂಡು, ಸಡಿಲ ಕಲ್ಲುಗಳ ಮೇಲೆ ಐವತ್ತನಾಲ್ಕರ ಪ್ರಾಯದಲ್ಲಿ ಓಡಿದ. ಎರಡು ಸಲ ಬಿದ್ದ. ಆ ಹೆಂಗಸು ಏನು ಮಾಡಿಕೊಂಡಿದ್ದಾಳೋ ಎಂಬ ಭಯಕ್ಕೆ ನೋವು ಗೊತ್ತಾಗಲಿಲ್ಲ.

ಆದರೆ ಲೋಲಾಕ್ಷಿ ಕಾರಿನಲ್ಲಿ ಕುಳಿತಿರಲಿಲ್ಲ. ಅರ್ಧ ದಾರಿಯಲ್ಲೇ ಸಿಕ್ಕಳು, ಕಲ್ಲುಗಳ ಮೇಲೆ ಕೈಯೂರಿ ಅಂಬೆಗಾಲಲ್ಲಿ ಹತ್ತುತ್ತ. ಮಂಡಿ ಸುಲಿದಿತ್ತು. ಚನಿಯನ ಬೆನ್ನ ಮೇಲಿದ್ದ ಮಗಳನ್ನು ಕಂಡರೂ ಹತ್ತಿರ ಬರಲಿಲ್ಲ; ನಂಬಿಕೆ ಬರಲಿಲ್ಲವೇನೋ. ಮಗಳು "ಅಮ್ಮಾ, ಚಳಿ" ಎಂದ ಮೇಲೆಯೇ ಅವಳು ಉಸಿರು ಬಿಟ್ಟದ್ದು.

ಅವಳ ಕಂಕುಳಲ್ಲಿ ಊಟಕ್ಕೆ ಹಾಸಲೆಂದು ತಂದಿದ್ದ ಬಿಳಿ ಬೆಡ್‌ಶೀಟ್ ಇತ್ತು. ಇದನ್ನೇಕೆ ಇಲ್ಲಿಯವರೆಗೆ ಹೊತ್ತು ತಂದದ್ದೆಂದು ಚನಿಯ ಪೆದ್ದನಂತೆ ಕೇಳಿದ.

"ಹೊದಿಸ್ಲಿಕ್ಕೆ," ಎಂದಳು ಲೋಲಾಕ್ಷಿ.

ಮಗಳನ್ನು ಅವನ ಬೆನ್ನಿನಿಂದ ಇಳಿಸಿ, ಆ ಶೀಟನ್ನೇ ಮೈತುಂಬ ಸುತ್ತಿದಳು, ಮುಖ ಮಾತ್ರ ಹೊರಗೆ ಬಿಟ್ಟು.